ಸರ್ಬಿಯಾದ ರಾಶ್ಕಾ ಜಿಲ್ಲೆ ಮತ್ತು ಅಲ್ಲಿನ ಪರಂಪರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಬಿಯಾಕ್ಕೆ ಹೋಗುವ ನಮ್ಮವರು ಹೆಚ್ಚಾಗಿ ಬೆಲ್‌ಗ್ರೇಡ್ ನೋಡಿ, ಜಾಸ್ತಿ ಅಂದರೆ ನೋವಿ ಸಾದ್‌ವರೆಗೆ ಹೋಗಿ ವಾಪಸ್ ಬರುತ್ತಾರೆ. ಆ ದೇಶ ಹುಟ್ಟಿದ ಜಾಗ ಇರುವುದು ದಕ್ಷಿಣಕ್ಕೆ, ಇಬಾರ್ ನದಿಯ ಕಣಿವೆಯಲ್ಲಿ. ಈಗ ಆ ಭಾಗದ ಬಹುಪಾಲು ರಾಶ್ಕಾ ಜಿಲ್ಲೆಯೊಳಗಿದೆ. ಅದರ ಬಗ್ಗೆ ಸಾಮಾನ್ಯವಾಗಿ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ರಾಶ್ಕಾ ಜಿಲ್ಲೆ ಎಲ್ಲಿದೆ? ಎಷ್ಟು ದೊಡ್ಡದು?

ಸರ್ಬಿಯಾದ ನಡುಭಾಗದಿಂದ ನೈಋತ್ಯದ ಗಡಿವರೆಗೆ ಉದ್ದಕ್ಕೆ ಚಾಚಿಕೊಂಡಿದೆ. ಉತ್ತರದಲ್ಲಿ ಪಶ್ಚಿಮ ಮೊರಾವಾ ನದಿಯ ಬಯಲು. ದಕ್ಷಿಣಕ್ಕೆ ಹೋದ ಹಾಗೆ ಬಯಲು ಮುಗಿದು ಇಬಾರ್ ಕಣಿವೆ ಶುರುವಾಗುತ್ತದೆ. ಒಂದು ಕಡೆ ಕೊಪಾವೊನಿಕ್ ಬೆಟ್ಟಸಾಲು, ಇನ್ನೊಂದು ಕಡೆ ಗೋಲಿಯಾ. ತೀರಾ ಕೆಳಗೆ ಕೊಸೊವೊ ಮತ್ತು ಮಾಂಟೆನೆಗ್ರೊ ಪಕ್ಕದಲ್ಲೇ ಇವೆ. ವಿಸ್ತೀರ್ಣ ಸುಮಾರು 3,900 ಚದರ ಕಿಲೋಮೀಟರ್. 2022ರ ಜನಗಣತಿ ಪ್ರಕಾರ ಜನಸಂಖ್ಯೆ ಮೂರು ಲಕ್ಷಕ್ಕೆ ಸ್ವಲ್ಪ ಕಡಿಮೆ.

ಇಬಾರ್ ನದಿ ಮಾಂಟೆನೆಗ್ರೊದಲ್ಲಿ ಹುಟ್ಟಿ, ಕೊಸೊವೊ ಮೂಲಕ ಸುತ್ತು ಹಾಕಿ, ಉತ್ತರಕ್ಕೆ ಹರಿದು ಕ್ರಾಲ್ಯೆವೊ ಹತ್ತಿರ ಪಶ್ಚಿಮ ಮೊರಾವಾಕ್ಕೆ ಸೇರುತ್ತದೆ. ರಸ್ತೆ, ರೈಲು ಹಳಿ ಎರಡೂ ಈ ನದಿಯ ಜೊತೆಯಲ್ಲೇ ಸಾಗುತ್ತವೆ. ಮ್ಯಾಪ್‌ನಲ್ಲಿ ಇಬಾರ್ ಹಿಡಿದು ಹೋದರೆ ಸಾಕು, ಜಿಲ್ಲೆಯ ಅರ್ಧ ಅರ್ಥವಾದ ಹಾಗೆ.

ಇದರಲ್ಲಿ ಯಾವ ಯಾವ ಊರುಗಳಿವೆ? ಆಡಳಿತ ಯಾರದು?

ಕ್ರಾಲ್ಯೆವೊ ಮತ್ತು ನೋವಿ ಪಜಾರ್ ಎರಡು ನಗರಗಳು. ರಾಶ್ಕಾ, ತುತಿನ್ ಮತ್ತು ವ್ರ್‌ನ್ಯಾಚ್ಕಾ ಬಾನ್ಯಾ ಮೂರು ಪುರಸಭೆಗಳು. ಜಿಲ್ಲಾ ಕೇಂದ್ರ ಕ್ರಾಲ್ಯೆವೊ.

ಸರ್ಬಿಯಾದಲ್ಲಿ ಜಿಲ್ಲೆಗೆ ‘ಒಕ್ರುಗ್’ ಎನ್ನುತ್ತಾರೆ. ಈಗಿನ ಒಕ್ರುಗ್‌ಗಳು 1992ರಲ್ಲಿ ಸರ್ಕಾರಿ ಆದೇಶದಿಂದ ಬಂದವು. ಜಿಲ್ಲೆಗೆ ಅಂತ ಜನ ಆರಿಸಿದ ಪಂಚಾಯಿತಿ ಇಲ್ಲ, ತನ್ನದೇ ತೆರಿಗೆಯೂ ಇಲ್ಲ. ಬೆಲ್‌ಗ್ರೇಡ್ ಸರ್ಕಾರ ನೇಮಿಸುವ ಒಬ್ಬ ಮುಖ್ಯಸ್ಥ ಇರುತ್ತಾನೆ. ಇಲಾಖೆಗಳ ಸ್ಥಳೀಯ ಕಚೇರಿಗಳ ಕೆಲಸ ಒಂದಕ್ಕೊಂದು ಹೊಂದುವಂತೆ ನೋಡಿಕೊಳ್ಳುವುದು ಅವನ ಹೊಣೆ. ಜನರ ದಿನನಿತ್ಯದ ಕೆಲಸಗಳೆಲ್ಲ ಆಗುವುದು ನಗರ ಮತ್ತು ಪುರಸಭೆ ಮಟ್ಟದಲ್ಲೇ. ಹಾಗಾಗಿ ‘ನಾನು ರಾಶ್ಕಾ ಜಿಲ್ಲೆಯವನು’ ಅಂತ ಅಲ್ಲಿ ಯಾರೂ ಎದೆ ತಟ್ಟಿ ಹೇಳಿಕೊಳ್ಳುವುದಿಲ್ಲ. ಕ್ರಾಲ್ಯೆವೊದವನು ಕ್ರಾಲ್ಯೆವೊದವನು, ಪಜಾರಿನವನು ಪಜಾರಿನವನು.

ರಾಶ್ಕಾ ಅಂದರೆ ಊರೋ, ನದಿಯೋ, ಜಿಲ್ಲೆಯೋ?

ಮೂರೂ ಹೌದು. ನಾಲ್ಕನೆಯದಾಗಿ ಅದು ಮಧ್ಯಯುಗದ ಸರ್ಬಿಯಾ ರಾಜ್ಯದ ಹೆಸರು ಕೂಡ. ಪಶ್ಚಿಮ ಯೂರೋಪಿನವರು ಆ ರಾಜ್ಯವನ್ನು ‘ರಾಶಿಯಾ’ ಎಂದು ಬರೆಯುತ್ತಿದ್ದರು. ರಾಜಧಾನಿ ರಾಸ್ ಇದ್ದದ್ದು ಈಗಿನ ನೋವಿ ಪಜಾರ್ ಬಳಿ. ಹೋಟೆಲ್ ಬುಕ್ ಮಾಡುವಾಗ ಹುಷಾರಾಗಿರಿ. ರಾಶ್ಕಾ ಅನ್ನುವ ಪುಟ್ಟ ಊರು ಇರುವುದು ರಾಶ್ಕಾ ನದಿ ಇಬಾರ್‌ಗೆ ಸೇರುವ ಜಾಗದಲ್ಲಿ. ಹಳೆ ರಾಜಧಾನಿಯೂ ಅಲ್ಲಿಲ್ಲ, ಜಿಲ್ಲಾ ಕೇಂದ್ರವೂ ಅಲ್ಲಿಲ್ಲ.

ಇಷ್ಟು ಚಿಕ್ಕ ಪ್ರದೇಶಕ್ಕೆ ಇಷ್ಟೊಂದು ಮಹತ್ವ ಯಾಕೆ?

12ನೇ ಶತಮಾನದಲ್ಲಿ ಸ್ಟೆಫಾನ್ ನೆಮಾನ್ಯಾ ಎಂಬವನು ಇಲ್ಲಿ ಅಧಿಕಾರ ಹಿಡಿದ. ಅವನಿಂದ ಶುರುವಾದ ನೆಮಾನ್ಯಿಚ್ ವಂಶ ಸುಮಾರು 200 ವರ್ಷ ಆಳಿತು. ಅವನ ಮಗ ಸ್ಟೆಫಾನ್ 1217ರಲ್ಲಿ ಕಿರೀಟ ಧರಿಸಿ ರಾಜನಾದ. ಇನ್ನೊಬ್ಬ ಮಗ ರಾಸ್ಟ್ಕೊ ಹರೆಯದಲ್ಲೇ ಮನೆ ಬಿಟ್ಟು ಗ್ರೀಸ್‌ನ ಆಥೋಸ್ ಬೆಟ್ಟಕ್ಕೆ ಓಡಿಹೋಗಿ ಸನ್ಯಾಸಿಯಾದ. ಅವನೇ ಮುಂದೆ ಸಂತ ಸಾವಾ. 1219ರಲ್ಲಿ ಸರ್ಬಿಯಾದ ಚರ್ಚ್ ಸ್ವತಂತ್ರವಾಗಿ, ಸಾವಾ ಅದರ ಮೊದಲ ಆರ್ಚ್‌ಬಿಷಪ್ ಆದ.

ಅಂದರೆ ರಾಜ್ಯ ಮತ್ತು ಧರ್ಮ ಎರಡನ್ನೂ ಒಂದೇ ಮನೆಯ ಅಣ್ಣ ತಮ್ಮ ಕಟ್ಟಿದರು. ಈ ವಂಶದ ಪ್ರತಿ ದೊಡ್ಡ ರಾಜನೂ ತನ್ನ ಆತ್ಮದ ಸದ್ಗತಿಗಾಗಿ, ತನ್ನ ಸಮಾಧಿಗಾಗಿ ಒಂದು ಮಠ ಕಟ್ಟಿಸುತ್ತಿದ್ದ. ಇದಕ್ಕೆ ‘ಜಾದುಜ್ಬಿನಾ’ ಎನ್ನುತ್ತಾರೆ. ರಾಜರ ಅರಮನೆಗಳು ಹೆಚ್ಚುಕಮ್ಮಿ ಅಳಿದುಹೋಗಿವೆ. ಮಠಗಳು ಉಳಿದಿವೆ.

ಯುನೆಸ್ಕೊ ಪಟ್ಟಿಯಲ್ಲಿ ಏನೇನಿದೆ?

ಎರಡು ನಮೂದುಗಳಿವೆ. 1979ರಲ್ಲಿ ‘ಸ್ಟಾರಿ ರಾಸ್ ಮತ್ತು ಸೊಪೊಚಾನಿ’ ಸೇರಿತು. ಇದರಲ್ಲಿ ಹಳೆ ರಾಜಧಾನಿಯ ಅವಶೇಷ, ಸಂತ ಪೀಟರನ ಚರ್ಚ್, ಜುರ್ಜೆವಿ ಸ್ಟುಪೊವಿ ಮಠ ಮತ್ತು ಸೊಪೊಚಾನಿ ಮಠ ಬರುತ್ತವೆ. ಎಲ್ಲವೂ ನೋವಿ ಪಜಾರ್ ಸುತ್ತಮುತ್ತ. 1986ರಲ್ಲಿ ಸ್ಟುಡೆನಿತ್ಸಾ ಮಠ ಸೇರಿತು. ಇದಲ್ಲದೆ 2001ರಲ್ಲಿ ಗೋಲಿಯಾ–ಸ್ಟುಡೆನಿತ್ಸಾ ಪ್ರದೇಶವನ್ನು ಯುನೆಸ್ಕೊ ಜೀವಗೋಳ ಮೀಸಲು ಎಂದು ಗುರುತಿಸಿದೆ. ಅದರ ಒಂದು ಭಾಗ ಪಕ್ಕದ ಜಿಲ್ಲೆಗೂ ಹರಡಿದೆ.

ಒಂದೇ ಮಠ ನೋಡಲು ಸಮಯ ಇದ್ದರೆ ಯಾವುದು?

ಎಲ್ಲರೂ ಸ್ಟುಡೆನಿತ್ಸಾ ಎನ್ನುತ್ತಾರೆ. ಅದು ಸರಿಯಾದ ಉತ್ತರವೇ. ಚಿತ್ರಕಲೆಯ ಹುಚ್ಚು ಇರುವವರಿಗೆ ಮಾತ್ರ ನಾನು ಸೊಪೊಚಾನಿ ಅನ್ನುತ್ತೇನೆ. ಎರಡರ ಬಗ್ಗೆಯೂ ಸ್ವಲ್ಪ ವಿವರವಾಗಿ ಹೇಳುತ್ತೇನೆ, ನೀವೇ ಆರಿಸಿಕೊಳ್ಳಿ.

ಸ್ಟುಡೆನಿತ್ಸಾದಲ್ಲಿ ಅಂಥದ್ದೇನಿದೆ?

ಇಬಾರ್ ದಡದ ಉಶ್ಚೆ ಎಂಬ ಊರಿನಿಂದ ಪಶ್ಚಿಮಕ್ಕೆ ತಿರುಗಿ, ಸ್ಟುಡೆನಿತ್ಸಾ ಹೊಳೆಯ ಗುಂಟ ಹತ್ತು ಹನ್ನೊಂದು ಕಿಲೋಮೀಟರ್ ಬೆಟ್ಟದ ದಾರಿಯಲ್ಲಿ ಹೋಗಬೇಕು. ದುಂಡಗಿನ ಕಲ್ಲಿನ ಗೋಡೆ. ಹೆಬ್ಬಾಗಿಲು ದಾಟಿದರೆ ಹುಲ್ಲಿನ ಅಂಗಳದ ನಡುವೆ ಬಿಳಿ ಚರ್ಚ್. ನೆಮಾನ್ಯಾ 12ನೇ ಶತಮಾನದ ಕೊನೆಯಲ್ಲಿ ತನಗಾಗಿ ಕಟ್ಟಿಸಿದ ಕನ್ಯೆ ಮೇರಿಯ ಚರ್ಚ್ ಇದು.

ಹೊರಗೋಡೆ ಪೂರ್ತಿ ನಯಗೊಳಿಸಿದ ಅಮೃತಶಿಲೆ. ಆ ಕಲ್ಲು ಹತ್ತಿರದ ರಾಡೊಚೆಲೊ ಬೆಟ್ಟದ್ದು. ಬಾಗಿಲು, ಕಿಟಕಿಗಳ ಸುತ್ತ ಬಳ್ಳಿ, ಪ್ರಾಣಿಗಳ ಕೆತ್ತನೆ. ಅದು ಆಡ್ರಿಯಾಟಿಕ್ ಕರಾವಳಿ ಮತ್ತು ಇಟಲಿ ಕಡೆಯ ರೋಮನೆಸ್ಕ್ ಶೈಲಿ. ತಲೆ ಎತ್ತಿದರೆ ಮೇಲಿನ ಗುಮ್ಮಟ ಬೈಜಾಂಟೈನ್ ರೀತಿಯದು, ಅಂದರೆ ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾಂಬುಲ್) ರಾಜಧಾನಿಯಾಗಿದ್ದ ಪೂರ್ವ ರೋಮನ್ ಸಾಮ್ರಾಜ್ಯದ್ದು. ಪಶ್ಚಿಮ ಮತ್ತು ಪೂರ್ವ ಒಂದೇ ಕಟ್ಟಡದಲ್ಲಿ ಹೀಗೆ ಕೂಡುವ ಶೈಲಿಗೆ ಕಲಾ ಇತಿಹಾಸಕಾರರು ‘ರಾಶ್ಕಾ ಶೈಲಿ’ ಎಂದೇ ಹೆಸರಿಟ್ಟಿದ್ದಾರೆ. ಅದಕ್ಕೆ ಮಾದರಿ ಹಾಕಿಕೊಟ್ಟದ್ದು ಈ ಚರ್ಚ್.

ಒಳಗೆ ಹೋಗಿ ಹಿಂತಿರುಗಿ ನಿಂತುಕೊಳ್ಳಿ. ಪಶ್ಚಿಮ ಗೋಡೆಯ ಮೇಲೆ ಶಿಲುಬೆಗೇರಿದ ಕ್ರಿಸ್ತನ ದೊಡ್ಡ ಚಿತ್ರ. ಹಿಂದಿರುವುದು ಗಾಢ ನೀಲಿ, ಅದರ ಮೇಲೆ ಚಿನ್ನದ ನಕ್ಷತ್ರಗಳು. ಬಿಡಿಸಿದ್ದು 1208–09ರಲ್ಲಿ. ಕ್ರಿಸ್ತನ ಮುಖದಲ್ಲಿ ನರಳಾಟ ಇಲ್ಲ, ತಲೆ ಸುಮ್ಮನೆ ಪಕ್ಕಕ್ಕೆ ವಾಲಿದೆ. ಬರಹಗಳು ಗ್ರೀಕ್‌ನಲ್ಲಿಲ್ಲ, ಅಲ್ಲಿನ ಜನರ ಸ್ಲಾವಿಕ್ ಭಾಷೆಯಲ್ಲಿವೆ. ಆ ಕಾಲಕ್ಕೆ ಅದು ದೊಡ್ಡ ನಿರ್ಧಾರ, ಅದರ ಹಿಂದೆ ಸಾವಾನ ಕೈ ಇತ್ತು.

ಸಾವಾ ಇಲ್ಲಿಗೆ ಬಂದದ್ದರ ಹಿಂದೆಯೂ ಒಂದು ಕಥೆ ಇದೆ. ನೆಮಾನ್ಯಾ 1196ರಲ್ಲಿ ಪಟ್ಟ ಬಿಟ್ಟು ಸಿಮೆಯೊನ್ ಎಂಬ ಹೆಸರಿನ ಸನ್ಯಾಸಿಯಾದ. ಆಮೇಲೆ ಆಥೋಸ್‌ಗೆ ಹೋಗಿ, ಮಗನ ಜೊತೆ ಸೇರಿ ಹಿಲಾಂದಾರ್ ಮಠ ಕಟ್ಟಿ ಅಲ್ಲೇ ತೀರಿಕೊಂಡ. ಇತ್ತ ಊರಲ್ಲಿ ಉಳಿದ ಇಬ್ಬರು ಮಕ್ಕಳು ವುಕಾನ್ ಮತ್ತು ಸ್ಟೆಫಾನ್ ಪಟ್ಟಕ್ಕಾಗಿ ಹೊಡೆದಾಡಿಕೊಂಡರು. ಸಾವಾ ತಂದೆಯ ಅಸ್ಥಿಯನ್ನು ಹೊತ್ತು ಸ್ಟುಡೆನಿತ್ಸಾಕ್ಕೆ ತಂದು, ಅದರ ಎದುರಿಗೇ ಅಣ್ಣಂದಿರನ್ನು ರಾಜಿ ಮಾಡಿಸಿದ. ಆಮೇಲೆ ಇದೇ ಮಠದ ಮುಖ್ಯಸ್ಥನಾಗಿ ಉಳಿದು ಮಠದ ನಿಯಮಾವಳಿ ಬರೆದ. ನೆಮಾನ್ಯಾನ ಸಮಾಧಿ ಈಗಲೂ ಅಲ್ಲೇ ಇದೆ.

ದೊಡ್ಡ ಚರ್ಚ್ ನೋಡಿದ ಗುಂಗಿನಲ್ಲಿ ಪಕ್ಕದ ಪುಟ್ಟ ‘ರಾಜನ ಚರ್ಚ್’ ಮರೆಯಬೇಡಿ. 1314ರಲ್ಲಿ ರಾಜ ಮಿಲುತಿನ್ ಕಟ್ಟಿಸಿದ್ದು. ಹತ್ತು ಜನ ಹೊಕ್ಕರೆ ಇಕ್ಕಟ್ಟು. ಆದರೆ ಒಳಗೆ ಮೇರಿ ಹುಟ್ಟಿದ ದಿನದ ಚಿತ್ರ ಇದೆ. ಬಾಣಂತಿ, ನೋಡಲು ಬಂದ ಹೆಂಗಸರು, ಮಗುವಿಗೆ ಸ್ನಾನದ ಸಿದ್ಧತೆ, ಎಲ್ಲ ಮನೆಯೊಳಗಿನ ಸಡಗರ. ನೂರು ವರ್ಷದಲ್ಲಿ ಚಿತ್ರಕಾರರ ಕೈ ಎಷ್ಟು ಬದಲಾಯಿತು ಎಂಬುದು ಈ ಎರಡು ಚರ್ಚ್‌ಗಳ ನಡುವಿನ ಕೆಲವೇ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಸೊಪೊಚಾನಿ?

ನೋವಿ ಪಜಾರ್‌ನಿಂದ ಸುಮಾರು 16 ಕಿಲೋಮೀಟರ್, ರಾಶ್ಕಾ ನದಿ ಹುಟ್ಟುವ ಜಾಗದ ಹತ್ತಿರ. ನೆಮಾನ್ಯಾನ ಮೊಮ್ಮಗ, ರಾಜ ಮೊದಲನೇ ಉರೋಶ್, 13ನೇ ಶತಮಾನದ ನಡುವಿನಲ್ಲಿ ಕಟ್ಟಿಸಿದ. 1204ರಲ್ಲಿ ಪಶ್ಚಿಮ ಯೂರೋಪಿನ ಕ್ರೈಸ್ತ ಯೋಧರಾದ ಕ್ರುಸೇಡರುಗಳು ಕಾನ್‌ಸ್ಟಾಂಟಿನೋಪಲ್ ಹಿಡಿದಿದ್ದರಿಂದ ಅಲ್ಲಿನ ಕಲಾವಿದರು ಕೆಲಸ ಹುಡುಕಿಕೊಂಡು ಬೇರೆ ಕಡೆ ಹೋಗಿದ್ದ ಕಾಲ ಅದು. ಆಗ ಸರ್ಬಿಯಾದಲ್ಲಿ ಗಣಿಗಳಿಂದ ಬೆಳ್ಳಿ ಬರತೊಡಗಿತ್ತು, ಕೆಲಸ ಕೊಡುವ ರಾಜರೂ ಇದ್ದರು. ಆ ಶತಮಾನದ ಯೂರೋಪಿನ ಅತಿ ಒಳ್ಳೆಯ ಚಿತ್ರಗಳ ಪಟ್ಟಿ ಮಾಡಿದರೆ ಸೊಪೊಚಾನಿಯನ್ನು ಬಿಡಲು ಆಗುವುದಿಲ್ಲ.

ಪಶ್ಚಿಮ ಗೋಡೆ ತುಂಬ ಮೇರಿಯ ಮರಣದ ದೃಶ್ಯ ಇದೆ. ಮೇರಿ ಮಲಗಿದ್ದಾಳೆ, ಸುತ್ತ ಶಿಷ್ಯರು ಬಾಗಿದ್ದಾರೆ. ನಡುವೆ ನಿಂತ ಕ್ರಿಸ್ತನ ಕೈಯಲ್ಲಿ ಬಟ್ಟೆ ಸುತ್ತಿದ ಒಂದು ಕೂಸು. ಆ ಕೂಸೇ ಮೇರಿಯ ಆತ್ಮ. ತಿಳಿ ಹಸಿರು, ನೇರಳೆ, ಕಾವಿ ಬಣ್ಣದ ದೊಡ್ಡ ದೊಡ್ಡ ಮೈಗಳು. ಬಟ್ಟೆಯ ಮಡಿಕೆ ನೋಡಿದರೆ ಗ್ರೀಕ್ ಶಿಲ್ಪದ ನೆನಪಾಗುತ್ತದೆ.

ಇನ್ನೊಂದು ಚಿತ್ರ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಮುಂದಿನ ಮಂಟಪದಲ್ಲಿ ಉರೋಶನ ತಾಯಿ ಆನ್ನಾ ದಾಂದೊಲೊ ತೀರಿಕೊಂಡ ದೃಶ್ಯ. ಅವಳು ವೆನಿಸ್‌ನ ಡೋಜ್ (ಅಲ್ಲಿನ ಆಡಳಿತದ ಮುಖ್ಯಸ್ಥ) ಎನ್ರಿಕೊ ದಾಂದೊಲೊನ ಮೊಮ್ಮಗಳು. ಕಾನ್‌ಸ್ಟಾಂಟಿನೋಪಲ್ ಮೇಲೆ ಕ್ರುಸೇಡರುಗಳನ್ನು ತಿರುಗಿಸಿದವನು ಅದೇ ಎನ್ರಿಕೊ. ಅವನ ಮರಿಮಗ ಕಟ್ಟಿಸಿದ ಚರ್ಚ್‌ನಲ್ಲಿ ಬೈಜಾಂಟೈನ್ ಕಲೆ ತನ್ನ ತುದಿ ಮುಟ್ಟಿತು. ಇತಿಹಾಸ ಕೆಲವೊಮ್ಮೆ ಹೀಗೇ ಅಲ್ವಾ?

17ನೇ ಶತಮಾನದ ಕೊನೆಯಲ್ಲಿ ಒಟ್ಟೊಮನ್ ತುರ್ಕರು ಮಠಕ್ಕೆ ಬೆಂಕಿ ಹಾಕಿ ಛಾವಣಿಯ ಸೀಸ ಕಿತ್ತರು. ಸನ್ಯಾಸಿಗಳು ಜಾಗ ಬಿಟ್ಟರು. ಆಮೇಲೆ 200 ವರ್ಷಕ್ಕೂ ಹೆಚ್ಚು ಕಾಲ ಛಾವಣಿ ಇಲ್ಲದೆ ಮಳೆ, ಹಿಮ, ಬಿಸಿಲಿಗೆ ಗೋಡೆಗಳು ಒಡ್ಡಿಕೊಂಡಿದ್ದವು. 1920ರ ದಶಕದಲ್ಲಿ ದುರಸ್ತಿ ಆಯಿತು. ಚಿತ್ರಗಳ ಹಿನ್ನೆಲೆಯ ಚಿನ್ನ ಬಹುತೇಕ ಹೋಗಿದೆ. ಮುಖಗಳು ಉಳಿದಿವೆ.

ಜಿಚಾ ಮಠ ಕೆಂಪಗಿರುವುದು ಯಾಕೆ? ಏಳು ಬಾಗಿಲಿನ ಕಥೆ ನಿಜವಾ?

ಜಿಚಾ ಕ್ರಾಲ್ಯೆವೊದಿಂದ ಐದು ಕಿಲೋಮೀಟರ್ ಒಳಗೇ ಇದೆ. ಸ್ಟೆಫಾನ್ ಮತ್ತು ಸಾವಾ ಸೇರಿ 13ನೇ ಶತಮಾನದ ಆರಂಭದಲ್ಲಿ ಕಟ್ಟಿದ್ದು. ಸ್ವತಂತ್ರ ಸರ್ಬಿಯನ್ ಚರ್ಚಿನ ಮೊದಲ ಪೀಠ ಇದೇ. ಗೋಡೆಗೆ ಕೆಂಪು ಬಳಿಯುವುದು ಆಥೋಸ್ ಬೆಟ್ಟದ ಮಠಗಳಿಂದ ಬಂದ ಪದ್ಧತಿ ಎನ್ನುತ್ತಾರೆ.

ರಾಜರ ಪಟ್ಟಾಭಿಷೇಕ ಇಲ್ಲಿ ನಡೆಯುತ್ತಿತ್ತು. ಪ್ರತಿ ಹೊಸ ರಾಜನಿಗೆ ಗೋಡೆಯಲ್ಲಿ ಹೊಸ ಬಾಗಿಲು ಒಡೆದು, ಅವನು ಹೊರಬಂದ ಮೇಲೆ ಮುಚ್ಚುತ್ತಿದ್ದರಂತೆ. ಹೀಗೆ ಏಳು ರಾಜರು, ಏಳು ಬಾಗಿಲು. ಇದನ್ನು ಜನರ ಕಥೆ ಎಂದೇ ಕೇಳಿ, ಲೆಕ್ಕ ಹಾಕಲು ಹೋಗಬೇಡಿ. ಆದರೆ ‘ಏಳು ಬಾಗಿಲ ಜಿಚಾ’ ಎಂಬ ಹೆಸರು ಮಾತ್ರ ಅಂಟಿಕೊಂಡಿದೆ.

ಶಾಸನ ಓದುವ ಆಸಕ್ತಿ ಇರುವವರಿಗೆ ಇಲ್ಲೊಂದು ಒಳ್ಳೆಯ ಸಾಮಗ್ರಿ ಇದೆ. ಗೋಪುರದ ಕೆಳಗಿನ ದಾರಿಯ ಗೋಡೆ ಮೇಲೆ ಮಠಕ್ಕೆ ಬಿಟ್ಟುಕೊಟ್ಟ ಹಳ್ಳಿಗಳ ಪಟ್ಟಿ ಸಮೇತ ದಾನಪತ್ರವನ್ನು ಬರೆಸಿದ್ದಾರೆ. 13ನೇ ಶತಮಾನದ ಕೊನೆಯ ಹೊತ್ತಿಗೆ ದಾಳಿಗಳು ಜಾಸ್ತಿಯಾಗಿ ಪೀಠ ದಕ್ಷಿಣದ, ಈಗ ಕೊಸೊವೊದಲ್ಲಿರುವ ಪೆಚ್‌ಗೆ ಹೋಯಿತು. 1941ರ ಅಕ್ಟೋಬರ್‌ನಲ್ಲಿ ಜರ್ಮನ್ ವಿಮಾನಗಳು ಜಿಚಾದ ಮೇಲೆ ಬಾಂಬ್ ಹಾಕಿದವು. ಈಗ ಕಾಣುವುದರಲ್ಲಿ ದುರಸ್ತಿಯ ಪಾಲು ದೊಡ್ಡದು.

ಸರ್ಬಿಯಾದ ಅತಿ ಹಳೆಯ ಚರ್ಚ್ ಇಲ್ಲೇ ಇದೆಯಂತೆ?

ಹೌದು, ನೋವಿ ಪಜಾರ್ ಅಂಚಿನ ಸಂತ ಪೀಟರ್ ಮತ್ತು ಪೌಲರ ಚರ್ಚ್. ಜನ ‘ಪೆಟ್ರೊವಾ ತ್ಸ್ರ್ಕ್ವಾ’ ಎನ್ನುತ್ತಾರೆ. ಈಗಿನ ಕಟ್ಟಡದ ತಿರುಳು ಸುಮಾರು 9–10ನೇ ಶತಮಾನದ್ದು. ದುಂಡಗಿನ ಗಿಡ್ಡ ಕಟ್ಟಡ, ದಪ್ಪ ಗೋಡೆ, ಸುತ್ತ ಹಳೆಯ ಗೋರಿಕಲ್ಲುಗಳು. ನೆಮಾನ್ಯಾ ಪಟ್ಟ ಬಿಟ್ಟ ಸಭೆ ನಡೆದದ್ದು ಇಲ್ಲೇ ಎಂದು ಹೇಳುತ್ತಾರೆ.

1957ರಲ್ಲಿ ನೆಲ ಅಗೆದಾಗ ಕೆಳಗೆ ಕ್ರಿಸ್ತಪೂರ್ವ 5ನೇ ಶತಮಾನದ ಒಬ್ಬ ರಾಜಕುಮಾರನ ಸಮಾಧಿ ಸಿಕ್ಕಿತು. ಚಿನ್ನದ ಒಡವೆ, ಗ್ರೀಕ್ ಪಾತ್ರೆಗಳೆಲ್ಲ ಅದರಲ್ಲಿದ್ದವು. ಅವು ಈಗ ಬೆಲ್‌ಗ್ರೇಡ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಅಂದರೆ ಚರ್ಚ್ ಬರುವುದಕ್ಕೆ ಸಾವಿರ ವರ್ಷಕ್ಕೂ ಮೊದಲೇ ಆ ದಿಬ್ಬ ದೊಡ್ಡವರ ಜಾಗವಾಗಿತ್ತು.

ಅದರ ಹತ್ತಿರದ ಬೆಟ್ಟದ ತಲೆಯಲ್ಲಿ ಕಾಣುವುದು ಜುರ್ಜೆವಿ ಸ್ಟುಪೊವಿ. ಅಣ್ಣಂದಿರು ನೆಮಾನ್ಯಾನನ್ನು ಗುಹೆಯೊಂದರಲ್ಲಿ ಕೂಡಿಹಾಕಿದ್ದಾಗ, ಬಿಡಿಸಿದರೆ ಮಠ ಕಟ್ಟಿಸುತ್ತೇನೆ ಎಂದು ಸಂತ ಜಾರ್ಜನಿಗೆ ಹರಕೆ ಹೊತ್ತನಂತೆ. ಬಿಡುಗಡೆಯಾಗಿ, ಗೆದ್ದು, 1171ರ ಸುಮಾರಿಗೆ ಹರಕೆ ತೀರಿಸಿದ. ಶತಮಾನಗಳ ಕಾಲ ಪಾಳುಬಿದ್ದಿತ್ತು. ಈ ಶತಮಾನದ ಆರಂಭದಲ್ಲಿ ಸನ್ಯಾಸಿಗಳು ಮರಳಿದರು. ಊರು ಪೂರ್ತಿ ಕಾಣಬೇಕೆಂದರೆ ಇಲ್ಲಿಗೆ ಹತ್ತಿ.

ನೋವಿ ಪಜಾರ್‌ನಲ್ಲಿ ಮಠ ಬಿಟ್ಟು ಬೇರೆ ಏನಿದೆ?

ಊರೇ ಇದೆ! ಪ್ರವಾಸಿಗರನ್ನು ಬಸ್ಸಿನಲ್ಲಿ ಸೊಪೊಚಾನಿಗೆ ಕರೆದುಕೊಂಡು ಹೋಗಿ, ಊರಿನೊಳಗೆ ಇಳಿಸದೆ ವಾಪಸ್ ತರುವ ಟೂರ್‌ಗಳಿವೆ. ಅದು ಅನ್ಯಾಯ.

15ನೇ ಶತಮಾನದ ನಡುವಿನಲ್ಲಿ ಒಟ್ಟೊಮನ್ ಸೇನಾನಿ ಈಸಾ ಬೇಗ್ ಇಶಾಕೊವಿಚ್ ಈ ಊರನ್ನು ಕಟ್ಟಿದ. ಬೋಸ್ನಿಯಾದ ಸರಾಯೆವೊ ಕಟ್ಟಿದವನೂ ಅವನೇ. ಹತ್ತಿರದಲ್ಲಿ ಆಗಲೇ ಒಂದು ಹಳೆ ಸಂತೆ ಇತ್ತು, ಇದು ಹೊಸ ಸಂತೆ. ಡುಬ್ರೊವ್ನಿಕ್ ಬಂದರಿನಿಂದ ಇಸ್ತಾಂಬುಲ್ ಕಡೆ ಹೋಗುವ ವ್ಯಾಪಾರಿಗಳ ಕುದುರೆಗಳು ಇಲ್ಲಿ ತಂಗುತ್ತಿದ್ದವು. 16ನೇ ಶತಮಾನದ ಆಲ್ತುನ್ ಆಲೆಮ್ ಮಸೀದಿ, ಆಮಿರ್ ಆಗಾನ ಛತ್ರ, ಈಸಾ ಬೇಗ್‌ನ ಹಮಾಮಿನ (ಸ್ನಾನಗೃಹದ) ಅವಶೇಷ, ಕೋಟೆಯ ಬುರುಜು, ಎಲ್ಲ ನಡೆದು ನೋಡುವಷ್ಟು ಹತ್ತಿರ ಹತ್ತಿರ. ನಡುವೆ ರಾಶ್ಕಾ ನದಿಯ ಮೇಲೇ ಕಟ್ಟಿರುವ ವ್ರ್‌ಬಾಕ್ ಹೋಟೆಲ್ ಇದೆ. ಯುಗೊಸ್ಲಾವಿಯಾ ಕಾಲದ ಕಾಂಕ್ರೀಟ್‌ಗೆ ಪೂರ್ವದ ಕಮಾನುಗಳನ್ನು ಕೂಡಿಸಿದ ವಿಚಿತ್ರ ಕಟ್ಟಡ. ಕೆಲವರಿಗೆ ಕಣ್ಣಿಗೆ ಚುಚ್ಚುತ್ತದೆ. ನನಗಂತೂ ಇಷ್ಟ.

ಇಲ್ಲಿನ ಐವರಲ್ಲಿ ಸುಮಾರು ನಾಲ್ವರು ಬೋಸ್ನಿಯಾಕ್ ಮುಸ್ಲಿಮರು. ತುತಿನ್‌ನಲ್ಲಿ ಪ್ರಮಾಣ ಇನ್ನೂ ಹೆಚ್ಚು. ಈ ಸೀಮೆಯನ್ನು ಜನ ಸಂಜಾಕ್ ಎನ್ನುತ್ತಾರೆ. 1912ರವರೆಗೆ ಇದು ಒಟ್ಟೊಮನ್ ಆಳ್ವಿಕೆಯಲ್ಲಿತ್ತು, ಕ್ರಾಲ್ಯೆವೊ ಅದಕ್ಕಿಂತ ಎಷ್ಟೋ ಮೊದಲೇ ಸರ್ಬಿಯಾದ ಭಾಗವಾಗಿತ್ತು. ಒಂದೇ ಜಿಲ್ಲೆಯ ಉತ್ತರ ಮತ್ತು ದಕ್ಷಿಣ ಬೇರೆ ಬೇರೆ ಅನ್ನಿಸುವುದು ಇದಕ್ಕೇ. ರಾಜಕೀಯದಲ್ಲಿ ಆಗಾಗ ಬಿಸಿ ಏರುತ್ತದೆ. ಆದರೆ ಊರಿನ ದಿನಚರಿ ಅಂಗಡಿ, ಕಾಫಿ, ಮದುವೆ ಸುತ್ತಲೇ ಇರುತ್ತದೆ.

1990ರ ದಶಕದಲ್ಲಿ ಯುಗೊಸ್ಲಾವಿಯಾ ಮೇಲೆ ಆರ್ಥಿಕ ನಿರ್ಬಂಧ ಇದ್ದಾಗ ಇಲ್ಲಿನವರು ಮನೆಮನೆಯಲ್ಲಿ, ಸಣ್ಣ ಶೆಡ್‌ಗಳಲ್ಲಿ ಜೀನ್ಸ್ ಹೊಲಿದು ದೇಶಕ್ಕೆಲ್ಲ ಮಾರಿದರು. ಆ ಉದ್ಯಮ ಸಣ್ಣದಾಗಿದೆ, ನಿಂತಿಲ್ಲ.

ಮಾಗ್ಲಿಚ್ ಕೋಟೆ ನೋಡಲು ಬೆಟ್ಟ ಹತ್ತಬೇಕಾ?

ಹೌದು, ಆದರೆ ದೂರ ಅಲ್ಲ. ಕ್ರಾಲ್ಯೆವೊದಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್ ಹೋದರೆ, ಇಬಾರ್ ತಿರುವು ತೆಗೆದುಕೊಳ್ಳುವ ಕಡೆ ಬೆಟ್ಟದ ಮೇಲೆ ಕಾಣುತ್ತದೆ. ಏಳು ಗೋಪುರ ಮತ್ತು ಒಂದು ಮುಖ್ಯ ಬುರುಜು. 13ನೇ ಶತಮಾನದ್ದು. ಕೆಳಗಿನ ದಾರಿಯಲ್ಲಿ ಯಾರು ಹೋದರೂ ಮೇಲಿನಿಂದ ತಪ್ಪಿಸಿಕೊಳ್ಳಲು ಆಗದು. ಜಿಚಾ, ಸ್ಟುಡೆನಿತ್ಸಾಗಳ ಕಾವಲಿಗೆ ಕಟ್ಟಿದ್ದು.

ಈ ಕಣಿವೆಗೆ ‘ಲೈಲಾಕ್ ಹೂವಿನ ಕಣಿವೆ’ ಎಂಬ ಹೆಸರೂ ಇದೆ. ರಾಜ ಉರೋಶ್ ತನ್ನ ರಾಣಿ ಯೆಲೆನಾ ಬರುವ ದಾರಿಯುದ್ದಕ್ಕೂ ನೇರಳೆ ಲೈಲಾಕ್ ಗಿಡ ನೆಡಿಸಿದ ಎಂಬ ಕಥೆ. ಅವಳು ಪಶ್ಚಿಮ ಯೂರೋಪಿನ ಕ್ಯಾಥೊಲಿಕ್ ಮನೆತನದಿಂದ ಬಂದವಳು. ತವರಿನ ನೆನಪು ಕಾಡದಿರಲಿ ಎಂದು ನೆಡಿಸಿದನಂತೆ. ಕಥೆ ಏನೇ ಇರಲಿ, ವಸಂತದಲ್ಲಿ ಹೂವಂತೂ ಬಿಡುತ್ತದೆ. ಯೆಲೆನಾ ಕಟ್ಟಿಸಿದ ಗ್ರಾದಾತ್ಸ್ ಮಠ ಇದೇ ಜಿಲ್ಲೆಯಲ್ಲಿದೆ. ಅಲ್ಲಿ ಆರ್ಥೊಡಾಕ್ಸ್ (ಪೂರ್ವದ ಕ್ರೈಸ್ತ ಪಂಥದ) ಚರ್ಚಿಗೆ ಪಶ್ಚಿಮ ಯೂರೋಪಿನ ಗಾಥಿಕ್ ಶೈಲಿಯ ಚೂಪು ಕಮಾನುಗಳಿವೆ. ಜನಸಂದಣಿಯೂ ಕಡಿಮೆ.

ಜುಲೈನಲ್ಲಿ ಮಾಗ್ಲಿಚ್ ಕೆಳಗಿನಿಂದ ಕ್ರಾಲ್ಯೆವೊವರೆಗೆ ‘ವೆಸೆಲಿ ಸ್ಪುಸ್ಟ್’ ನಡೆಯುತ್ತದೆ. ಸಾವಿರಾರು ಜನ ರಬ್ಬರ್ ದೋಣಿ, ಟ್ಯೂಬು, ಕೈಗೆ ಸಿಕ್ಕಿದ್ದನ್ನೆಲ್ಲ ಹತ್ತಿ ಹಾಡು, ಬಿಯರ್ ಸಮೇತ ನದಿಯಲ್ಲಿ ತೇಲಿಬರುತ್ತಾರೆ.

ಕ್ರಾಲ್ಯೆವೊ ನಗರದಲ್ಲಿ ಇಳಿಯಬೇಕಾ?

ಒಂದು ಅರ್ಧ ದಿನ ಇಳಿಯಿರಿ. ಹಿಂದೆ ಇದರ ಹೆಸರು ಕರಾನೊವತ್ಸ್. 1882ರಲ್ಲಿ ಸರ್ಬಿಯಾ ಮತ್ತೆ ರಾಜಪ್ರಭುತ್ವವಾದಾಗ, ಪಕ್ಕದ ಜಿಚಾದಲ್ಲಿ ರಾಜರಿಗೆ ಪಟ್ಟ ಕಟ್ಟುತ್ತಿದ್ದ ನೆನಪಿಗೆ ‘ರಾಜನ ಊರು’ ಎಂದಾಯಿತು.

1941ರ ಅಕ್ಟೋಬರ್‌ನಲ್ಲಿ ಬಂಡುಕೋರರು ಜರ್ಮನ್ ಪಡೆಯ ಮೇಲೆ ದಾಳಿ ಮಾಡಿದ್ದಕ್ಕೆ ಪ್ರತೀಕಾರವಾಗಿ ಜರ್ಮನ್ ಸೇನೆ ಇಲ್ಲಿ ಸುಮಾರು 2 ಸಾವಿರ ನಾಗರಿಕರನ್ನು ಗುಂಡಿಟ್ಟು ಕೊಂದಿತು. ರೈಲು ಬೋಗಿ ಕಾರ್ಖಾನೆ, ವಿಮಾನ ಕಾರ್ಖಾನೆಯ ಕಾರ್ಮಿಕರನ್ನು ಕೆಲಸದ ಜಾಗದಿಂದಲೇ ಹಿಡಿದು ತಂದಿದ್ದರು. ಸ್ಮಾರಕ ಉದ್ಯಾನದಲ್ಲಿ ಕಡಿದ ಮರದ ಬೊಡ್ಡೆಗಳ ರೂಪದ ಕಲ್ಲುಗಳಿವೆ. ಅಕ್ಟೋಬರ್ 14 ಈಗಲೂ ಊರಿನ ನೆನಪಿನ ದಿನ. 2010ರ ನವೆಂಬರ್‌ನಲ್ಲಿ ಇಲ್ಲಿ ಭೂಕಂಪವೂ ಆಗಿತ್ತು. ಇಬ್ಬರು ಸತ್ತು, ಸಾವಿರಾರು ಮನೆ ಹಾಳಾದವು.

ವ್ರ್‌ನ್ಯಾಚ್ಕಾ ಬಾನ್ಯಾದ ಬಿಸಿನೀರು ನಿಜಕ್ಕೂ ಒಳ್ಳೆಯದಾ?

ಕಾಯಿಲೆ ವಾಸಿಯಾಗುತ್ತದೋ ಇಲ್ಲವೋ ಡಾಕ್ಟರನ್ನು ಕೇಳಿ. ಜಾಗ ಚೆನ್ನಾಗಿದೆ. ಖನಿಜಯುಕ್ತ ಚಿಲುಮೆಗಳನ್ನು ರೋಮನ್ನರೇ ಬಳಸಿದ್ದರು. ಈಗಿನ ಆರೋಗ್ಯಧಾಮದ ಲೆಕ್ಕ 1868ರಿಂದ ಶುರು. ಮುಖ್ಯ ಬಿಸಿ ಚಿಲುಮೆಯ ನೀರು 36.5 ಡಿಗ್ರಿ, ನಮ್ಮ ಮೈಯಷ್ಟೇ ಬಿಸಿ. ರುಚಿ ಬಗ್ಗೆ ಭರವಸೆ ಕೊಡಲಾರೆ.

ಇಲ್ಲಿನ ‘ಪ್ರೀತಿಯ ಸೇತುವೆ’ ಬೀಗಗಳಿಂದ ತುಂಬಿಹೋಗಿದೆ. ನಾದಾ ಎಂಬ ಶಿಕ್ಷಕಿಯನ್ನು ಪ್ರೀತಿಸಿದ ರೆಲ್ಯಾ ಎಂಬ ಸೈನಿಕ ಮೊದಲ ಮಹಾಯುದ್ಧಕ್ಕೆ ಹೋಗಿ, ಗ್ರೀಸ್‌ನ ಕೊರ್ಫು ದ್ವೀಪದಲ್ಲಿ ಇನ್ನೊಬ್ಬಳಿಗೆ ಮನಸೋತ. ನಾದಾ ಕೊರಗಿ ಸತ್ತಳು. ಆಮೇಲೆ ಊರಿನ ಹುಡುಗಿಯರು ತಮ್ಮ ಮತ್ತು ಹುಡುಗರ ಹೆಸರು ಬರೆದು ಸೇತುವೆಗೆ ಬೀಗ ಹಾಕತೊಡಗಿದರು ಎಂಬುದು ಅಲ್ಲಿನ ಕಥೆ. ಪ್ಯಾರಿಸ್ ಸೇತುವೆಯ ಬೀಗಗಳು ಇದಕ್ಕಿಂತ ಎಷ್ಟೋ ಈಚಿನವು.

ಕೊಪಾವೊನಿಕ್ ಸ್ಕೀ ಮಾಡದವರಿಗೂ ಸೈ ಅನ್ನಿಸುತ್ತದಾ?

ಬೇಸಿಗೆಯಲ್ಲಿ ಹೋದರೆ ಹೌದು. 1981ರಿಂದ ರಾಷ್ಟ್ರೀಯ ಉದ್ಯಾನ. ಅತಿ ಎತ್ತರದ ಪಾಂಚಿಚ್ ಶಿಖರ 2,017 ಮೀಟರ್. ಸಸ್ಯವಿಜ್ಞಾನಿ ಯೊಸಿಫ್ ಪಾಂಚಿಚ್‌ನ ಸಮಾಧಿ ಶಿಖರದ ಮೇಲೇ ಇದೆ.

ಮಠಕ್ಕೆ ಹೋಗುವಾಗ ಚಪ್ಪಲಿ ಬಿಡಬೇಕಾ? ಏನು ಹಾಕಿಕೊಳ್ಳಬೇಕು?

ಆರ್ಥೊಡಾಕ್ಸ್ ಚರ್ಚ್‌ನಲ್ಲಿ ಚಪ್ಪಲಿ ಬಿಡುವ ಪದ್ಧತಿ ಇಲ್ಲ. ನಮ್ಮವರು ಅಭ್ಯಾಸಬಲದಿಂದ ಬಾಗಿಲಲ್ಲೇ ತಡವರಿಸುತ್ತಾರೆ, ಸುಮ್ನೆ ಒಳಗೆ ಹೋಗಿ. ಮಸೀದಿಯಲ್ಲಿ ಮಾತ್ರ ಬಿಡಬೇಕು. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಗಂಡಸರು ಟೋಪಿ ತೆಗೆಯಬೇಕು. ಒಳಗೆ ಫೋಟೊ ಸಾಮಾನ್ಯವಾಗಿ ನಿಷಿದ್ಧ, ಕೇಳದೆ ಫೋನ್ ಎತ್ತಬೇಡಿ.

ಮೇಣದಬತ್ತಿ ಹಚ್ಚಲು ಯಾರೂ ನಿಮ್ಮ ಧರ್ಮ ಕೇಳುವುದಿಲ್ಲ. ಒಂದು ವಿಷಯ ಗಮನಿಸಿ. ಹಚ್ಚುವ ಕಟ್ಟೆಗೆ ಎರಡು ಅಂತಸ್ತು ಇರುತ್ತದೆ. ಮೇಲಿನದು ಬದುಕಿರುವವರಿಗೆ, ಕೆಳಗಿನದು ತೀರಿಕೊಂಡವರಿಗೆ. ಕೆಳಗೆ ಮರಳು ಅಥವಾ ನೀರಿನ ತಟ್ಟೆ ಇರುತ್ತದೆ. ಮಕ್ಕಳ ಹೆಸರಿನಲ್ಲಿ ಹಚ್ಚುವಾಗ ಎಲ್ಲಿ ಇಡುತ್ತಿದ್ದೀರಿ ನೋಡಿಕೊಳ್ಳಿ.

ಸಸ್ಯಾಹಾರಿಗಳ ಕಥೆ ಏನು?

ಕಷ್ಟ, ಆದರೆ ಉಪಾಯ ಇದೆ. ‘ಪೊಸ್ನೊ’ ಎಂದು ಕೇಳಿ. ಆರ್ಥೊಡಾಕ್ಸ್ ಉಪವಾಸದ ದಿನಗಳ ಊಟ ಅದು. ಮಾಂಸ, ಮೊಟ್ಟೆ, ಹಾಲಿನ ಪದಾರ್ಥ ಯಾವುದೂ ಇರುವುದಿಲ್ಲ. ಕೆಲವು ದಿನ ಮೀನಿಗೆ ಅವಕಾಶ ಇದೆ, ಆದ್ದರಿಂದ ಮೀನು ಬೇಡ ಎಂದೂ ಹೇಳಬೇಕು. ಬುಧವಾರ, ಶುಕ್ರವಾರ ಮತ್ತು ಈಸ್ಟರ್, ಕ್ರಿಸ್‌ಮಸ್ ಮುಂಚಿನ ವಾರಗಳಲ್ಲಿ ಇದು ಸುಲಭವಾಗಿ ಸಿಗುತ್ತದೆ.

ಈರುಳ್ಳಿ ಹಾಕಿ ಒಲೆಯಲ್ಲಿ ಬೇಯಿಸಿದ ಬೀನ್ಸ್ ‘ಪ್ರೆಬ್ರಾನತ್ಸ್’, ಸುಟ್ಟ ಕೆಂಪು ದೊಣ್ಣೆಮೆಣಸಿನ ಚಟ್ನಿ ‘ಅಯ್ವಾರ್’, ಬೇಕರಿಯಲ್ಲಿ ಚೀಸ್ ತುಂಬಿದ ಬುರೆಕ್, ಇವಿಷ್ಟರಲ್ಲಿ ಹೊಟ್ಟೆ ತುಂಬುತ್ತದೆ. ‘ಪಾಸುಲ್ಯ್’ ಎಂಬ ಬೀನ್ಸ್ ಸಾರಿನಲ್ಲಿ ಸಾಮಾನ್ಯವಾಗಿ ಹೊಗೆಯಾಡಿಸಿದ ಮಾಂಸ ಇರುತ್ತದೆ, ಕೇಳಿ ತಿನ್ನಿ.

ಮಾಂಸ ತಿನ್ನುವವರು ನೋವಿ ಪಜಾರ್‌ನಲ್ಲಿ ‘ಮಂತಿಯೆ’ ಬಿಡಬೇಡಿ. ನಿಂಬೆಹಣ್ಣಿನಷ್ಟು ಪುಟ್ಟ ಹಿಟ್ಟಿನ ಗಂಟು, ಒಳಗೆ ಕೊಚ್ಚಿದ ಮಾಂಸ. ಒತ್ತೊತ್ತಾಗಿ ಜೋಡಿಸಿ ಬೇಯಿಸುತ್ತಾರೆ, ಬಿಸಿಬಿಸಿ ಇರುವಾಗಲೇ ಮೊಸರಿನ ಜೊತೆ ಕೊಡುತ್ತಾರೆ. ಹೆಚ್ಚಾಗಿ ಬೆಳಗಿನ ತಿಂಡಿಗೆ.

ಭಾರತೀಯರಿಗೆ ವೀಸಾ ಬೇಕಾ?

ಬೇಕು. ಮೊದಲು 30 ದಿನ ವೀಸಾ ಇಲ್ಲದೆ ಇರಬಹುದಿತ್ತು. ಆ ಸೌಲಭ್ಯ 2023ರ ಜನವರಿ 1ರಿಂದ ನಿಂತಿದೆ. ಚಾಲ್ತಿಯಲ್ಲಿರುವ ಷೆಂಗೆನ್, ಬ್ರಿಟನ್ ಅಥವಾ ಅಮೆರಿಕ ವೀಸಾ ಇರುವವರಿಗೆ ಬೇರೆ ವೀಸಾ ಇಲ್ಲದೆ ಪ್ರವೇಶ ಕೊಡುವ ನಿಯಮ ಇದೆ. ಯೂರೋಪಿನಲ್ಲಿ ಕೆಲಸ ಮಾಡುವ ನಮ್ಮವರಿಗೆ ಇದು ಅನುಕೂಲ. ನಿಯಮ ಬದಲಾಗುತ್ತಿರುತ್ತವೆ, ಟಿಕೆಟ್ ಮಾಡುವ ಮೊದಲು ದೆಹಲಿಯ ಸರ್ಬಿಯಾ ರಾಯಭಾರ ಕಚೇರಿಯ ಮಾಹಿತಿ ನೋಡಿ.

ಯಾವ ಕಾಲದಲ್ಲಿ, ಎಷ್ಟು ದಿನ ಹೋಗಬೇಕು?

ಮೇ ಅಥವಾ ಸೆಪ್ಟೆಂಬರ್. ಮೂರು ದಿನ ಇಟ್ಟುಕೊಳ್ಳಿ. ಮೊದಲ ದಿನ ಕ್ರಾಲ್ಯೆವೊ, ಜಿಚಾ, ಮಾಗ್ಲಿಚ್. ಎರಡನೇ ದಿನ ಸ್ಟುಡೆನಿತ್ಸಾ. ಅಲ್ಲಿ ಮಠದ ವಸತಿಯಲ್ಲೇ ಉಳಿಯಬಹುದು. ಬೆಳಗಿನ ಪೂಜೆ ಕೇಳಬೇಕೆಂದರೆ ಹಾಗೇ ಮಾಡಿ. ಮೂರನೇ ದಿನ ನೋವಿ ಪಜಾರ್ ಮತ್ತು ಸೊಪೊಚಾನಿ. ಬೆಲ್‌ಗ್ರೇಡ್‌ನಿಂದ ಕ್ರಾಲ್ಯೆವೊ, ನೋವಿ ಪಜಾರ್ ಎರಡಕ್ಕೂ ಬಸ್ ಇದೆ. ಆದರೆ ಮಠಗಳಿಗೆ ಹೋಗಲು ಕಾರು ಇದ್ದರೇ ಅನುಕೂಲ. ಇಬಾರ್ ರಸ್ತೆಯಲ್ಲಿ ತಿರುವು, ಲಾರಿ ಎರಡೂ ಜಾಸ್ತಿ. ಕತ್ತಲಾದ ಮೇಲೆ ಓಡಿಸಬೇಡಿ.

ಅಲ್ಲಿಂದ ಹಾಗೇ ಕೊಸೊವೊಗೆ ಹೋಗಿಬರಬಹುದಾ?

ದೂರ ಏನೂ ಇಲ್ಲ, ರಾಶ್ಕಾ ಊರಿನಿಂದ ಯಾರಿನ್ಯೆ ಎಂಬ ದಾಟುದಾರಿ ಹತ್ತಿರವೇ ಇದೆ. ತೊಡಕು ಇರುವುದು ಕಾಗದದಲ್ಲಿ. ಸರ್ಬಿಯಾ ಕೊಸೊವೊವನ್ನು ಬೇರೆ ದೇಶ ಎಂದು ಒಪ್ಪಿಲ್ಲ, ಭಾರತವೂ ಒಪ್ಪಿಲ್ಲ. ಬೇರೆ ದೇಶದಿಂದ ನೇರವಾಗಿ ಕೊಸೊವೊಗೆ ಹೋಗಿ ಅಲ್ಲಿಂದ ಸರ್ಬಿಯಾಕ್ಕೆ ಬರಲು ನೋಡಿದರೆ, ನೀವು ಸರ್ಬಿಯಾದೊಳಗೆ ಸರಿಯಾಗಿ ಪ್ರವೇಶಿಸಿಲ್ಲ ಎಂದು ತಡೆಯಬಹುದು. ಕೊಸೊವೊಗೆ ಅದರದೇ ಪ್ರವೇಶ ನಿಯಮ ಬೇರೆ. ಬಾಡಿಗೆ ಕಾರಿನ ವಿಮೆ ಗಡಿಯಾಚೆ ನಡೆಯುತ್ತದೆಯೇ ಎಂಬುದನ್ನೂ ಕೇಳಿಕೊಂಡಿರಿ.